ಗುರಿ ಹುಡುಕಲು ಹೊರಟು ದಿನಚರಿ ಬರೆದೆ

ದೊಡ್ಡವಳಾದ ಮೇಲೆ ಏನಾಗ್ತೀಯ ಅಂತ ಮಕ್ಕಳನ್ನು ಎಲ್ಲರೂ ಕೇಳುತ್ತಾರೆ. ನಲವತ್ತು ದಾಟಿದವರನ್ನು ಯಾರೂ ಕೇಳುವುದಿಲ್ಲ. ಇವರು ಆಗಲೇ ಏನೋ ಆಗಿಬಿಟ್ಟಿದ್ದಾರೆ ಅಂತ ಎಲ್ಲರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು. ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿ ಕೆಲಸ. ಸಂಬಳ ಸರಿಯಾಗಿ ಬರುತ್ತದೆ, ಮನೆ ನಡೆಯುತ್ತದೆ, ಮಗಳು ಓದುತ್ತಿದ್ದಾಳೆ. ಗಂಡನ ಜೊತೆ ಆಗಾಗ ಜಗಳ ಆದರೂ ಮಾತು ನಿಂತಿಲ್ಲ. ಹೇಳಿಕೊಂಡು ಅಳುವಂಥದ್ದು ಏನೂ ಇರಲಿಲ್ಲ. ಆದರೂ ಭಾನುವಾರ ಸಂಜೆಯಾದರೆ ಸಾಕು, ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಕೆಲಸದ ಒತ್ತಡ ಅಂದುಕೊಂಡೆ. ರಜೆ ಹಾಕಿ ನೋಡಿದೆ. ರಜೆಯ ಮಧ್ಯದಲ್ಲೂ ಅದೇ ಕಿರಿಕಿರಿ.

ಕಚೇರಿಯಲ್ಲಿ ವರ್ಷಕ್ಕೊಮ್ಮೆ ಒಂದು ಫಾರಂ ತುಂಬಬೇಕು. ಇನ್ನು 5 ವರ್ಷಕ್ಕೆ ನೀವು ಎಲ್ಲಿರಬೇಕು ಅಂತ ಬಯಸುತ್ತೀರಿ ಅನ್ನುವ ಪ್ರಶ್ನೆ ಅದರಲ್ಲಿರುತ್ತದೆ. ಹಿಂದಿನ ವರ್ಷದ ಉತ್ತರವನ್ನೇ ನಕಲು ಮಾಡಿ ಕೊಡುತ್ತಿದ್ದೆ. ಆ ಸಲ ನಕಲು ಮಾಡುವಾಗ ಯಾಕೋ ಅದನ್ನು ಓದಿದೆ. 'ತಂಡವನ್ನು ಮುನ್ನಡೆಸುವ ಹೊಣೆ ಹೊರಲು ಉತ್ಸುಕಳಾಗಿದ್ದೇನೆ' ಅಂತಿತ್ತು. ತಂಡ ಮುನ್ನಡೆಸುವ ಆಸೆ ನನಗೆ ಯಾವ ಜನ್ಮದಲ್ಲೂ ಇರಲಿಲ್ಲ. ಹಾಗಾದರೆ ಏನು ಆಸೆ ಇದೆ ಅಂತ ಕೇಳಿಕೊಂಡರೆ ಉತ್ತರವೇ ಇಲ್ಲ.

ಉತ್ತರ ಇಲ್ಲದಿದ್ದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೊಬೈಲ್‌ನಲ್ಲಿ ಹುಡುಕಿದೆ. ನಿಮ್ಮ ಸ್ವಭಾವ ಏನು ಅಂತ ಹೇಳುವ ಪರೀಕ್ಷೆಗಳನ್ನು ತೆಗೆದುಕೊಂಡೆ. ಒಂದರಲ್ಲಿ ನಾನು ಮಾತು ಕಡಿಮೆಯ ಯೋಚನಾಶೀಲೆ, ಇನ್ನೊಂದರಲ್ಲಿ ಹುಟ್ಟು ನಾಯಕಿ. ಆಮೇಲೆ ಆ ನಾಲ್ಕು ವೃತ್ತದ ಚಿತ್ರ ಸಿಕ್ಕಿತು. ನೀವೂ ನೋಡಿರುತ್ತೀರಿ. ನಿಮಗೆ ಇಷ್ಟವಾದದ್ದು, ನಿಮಗೆ ಬರುವುದು, ಜಗತ್ತಿಗೆ ಬೇಕಾದದ್ದು, ದುಡ್ಡು ಸಿಗುವುದು. ನಾಲ್ಕೂ ಕೂಡುವ ನಟ್ಟನಡುವೆ 'ಇಕಿಗಾಯ್' ಅಂತ ಬರೆದಿರುತ್ತಾರೆ, ಜಪಾನಿ ಭಾಷೆಯಲ್ಲಿ ಬದುಕಲು ಇರುವ ಕಾರಣ ಅಂತ ಅದರ ಅರ್ಥ. ಒಂದು ಹಾಳೆಯಲ್ಲಿ ಅದನ್ನು ಬಿಡಿಸಿಕೊಂಡು ಕೂತೆ. ಮೊದಲ ವೃತ್ತದಲ್ಲಿ 'ಓದುವುದು' ಅಂತ ಬರೆದೆ. ಎರಡನೆಯದರಲ್ಲಿ 'ಟೈಪಿಂಗ್'. ಮೂರನೆಯದು ಖಾಲಿ. ಜಗತ್ತಿಗೆ ಏನು ಬೇಕು ಅಂತ ನನಗೆ ಹೇಗೆ ಗೊತ್ತಿರಬೇಕು?

ಈ ಚಿತ್ರದ ಕಥೆ ಆಮೇಲೆ ತಿಳಿಯಿತು. ಇದು ಜಪಾನಿನದೇ ಅಲ್ಲ. ಸ್ಪೇನಿನ ಆಂಡ್ರೆಸ್ ಜುಜುನಾಗಾ ಅನ್ನುವ ಜ್ಯೋತಿಷಿ 'ಉದ್ದೇಶ' ಅಂತ ನಡುವೆ ಬರೆದು ಇಂಥ ಚಿತ್ರ ಮಾಡಿದ್ದರು. 2014ರಲ್ಲಿ ಮಾರ್ಕ್ ವಿನ್ ಅನ್ನುವವರು ಆ ಪದ ತೆಗೆದು ಇಕಿಗಾಯ್ ಅಂತ ಹಾಕಿದರು. ಅಷ್ಟಕ್ಕೇ ಅದು ಲೋಕವೆಲ್ಲ ಸುತ್ತಿತು. ಅದಕ್ಕೂ ಮೊದಲೇ, 1966ರಲ್ಲಿ, ಜಪಾನಿನ ಮನೋವೈದ್ಯೆ ಮಿಯೆಕೊ ಕಮಿಯಾ ಇಕಿಗಾಯ್ ಬಗ್ಗೆ ಬರೆದಿದ್ದರು. ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಅವರು. ಅಲ್ಲಿದ್ದವರಿಗೆ ಮನೆ, ಉದ್ಯೋಗ, ಸಂಬಂಧಿಕರು ಎಲ್ಲ ಕೈಬಿಟ್ಟು ಹೋಗಿತ್ತು. ದುಡ್ಡು ಸಿಗುವ ವೃತ್ತ ಅವರಿಗೆ ಎಲ್ಲಿಂದ ಬರಬೇಕು? ಆದರೂ ಅವರಲ್ಲಿ ಕೆಲವರಿಗೆ ಬದುಕಲು ಒಂದು ಕಾರಣ ಇತ್ತು. ಇದನ್ನು ತಿಳಿದ ಮೇಲೆ ವೃತ್ತದ ಹಾಳೆಯನ್ನು ಹರಿದು ಬಿಸಾಕಿದೆ. ತುಂಬ ಹಗುರವಾಯಿತು.

ಮುಂದೆ ಮಾಡಿದ್ದು ಒಂದು ಬರವಣಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಾರಾ ಕಿಂಗ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಎತ್ತಿಕೊಂಡದ್ದು. ಎಲ್ಲವೂ ನೀನು ಅಂದುಕೊಂಡ ಹಾಗೇ ಆಗಿದೆ ಅಂತ ಊಹಿಸಿಕೊಂಡು ನಿನ್ನ ಮುಂದಿನ ಬದುಕನ್ನು ಬರೆ. ದಿನಕ್ಕೆ 20 ನಿಮಿಷದಂತೆ 4 ದಿನ. ಇಷ್ಟೇ. ಬರೆದವರ ಮನಸ್ಸಿಗೆ ಹಿತವಾಯಿತು, ಮುಂದಿನ 5 ತಿಂಗಳಲ್ಲಿ ಅವರು ಕಾಯಿಲೆಗೆ ಅಂತ ಆಸ್ಪತ್ರೆಗೆ ಹೋದದ್ದೂ ಕಡಿಮೆ ಅನ್ನುವುದು ಆ ಪ್ರಯೋಗದ ಫಲಿತಾಂಶ.

ನನಗೂ ಬರೆಯುವಾಗ ಹಿತವಾಗಿಯೇ ಇತ್ತು. ಸಮುದ್ರದ ಹತ್ತಿರ ಮನೆ, ನನ್ನದೇ ಸಣ್ಣ ವ್ಯಾಪಾರ, ವರ್ಷಕ್ಕೆ ಎರಡು ಪ್ರವಾಸ, ಬೆಳಿಗ್ಗೆ ಎದ್ದು ಯೋಗ. ಬರೆದದ್ದನ್ನು ನನ್ನ ಗೆಳತಿಗೆ ಓದಿ ಹೇಳಿದೆ. ಅವಳು ಚಿಕ್ಕಂದಿನಿಂದ ನನ್ನನ್ನು ಕಂಡವಳು.

"ಇದು ಯಾರ ಕಥೆ ಕಣೇ?" ಅಂದಳು. "ಸಮುದ್ರ ಅಂದರೆ ನಿನಗೆ ಭಯ. ವ್ಯಾಪಾರದ ಮಾತೆತ್ತಿದರೆ ಎದ್ದು ಹೋಗ್ತೀಯ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜಾಹೀರಾತಿನಲ್ಲಿ ನೋಡಿದ್ದು, ಅಣ್ಣ ತಮ್ಮಂದಿರ ಮನೆಯಲ್ಲಿ ಕೇಳಿದ್ದು, ಸಹೋದ್ಯೋಗಿಗಳು ಊಟದ ಹೊತ್ತಿಗೆ ಆಡಿದ್ದು, ಎಲ್ಲ ಸೇರಿ ನನ್ನ ಕನಸು ಅಂತ ಬಂದು ಕೂತಿತ್ತು. ಆ ಹಾಳೆಗಳನ್ನು ಮಾತ್ರ ಹರಿಯಲಿಲ್ಲ. ಅವು ಮುಂದೆ ಉಪಯೋಗಕ್ಕೆ ಬಂದವು.

ಏನು ಬೇಕು ಅಂತ ಕೇಳಿದರೆ ತಲೆ ಬೇರೆಯವರ ಉತ್ತರವನ್ನೇ ಒಪ್ಪಿಸುತ್ತದೆ ಅಂದಮೇಲೆ ಕೇಳುವುದನ್ನೇ ಬಿಟ್ಟೆ. ದಿನವೆಲ್ಲ ಏನು ಮಾಡುತ್ತೇನೆ ಅಂತ ನೋಡಲು ಶುರು ಮಾಡಿದೆ. ಇದಕ್ಕೂ ಒಂದು ವಿಧಾನ ಸಿಕ್ಕಿತು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಅವರ ಜೊತೆಗಾರರು 2004ರಲ್ಲಿ ಉದ್ಯೋಗಸ್ಥ ಹೆಂಗಸರು 909 ಮಂದಿಯಿಂದ ಅವರವರ ಹಿಂದಿನ ದಿನವನ್ನು ತುಂಡು ತುಂಡಾಗಿ ಬರೆಸಿದ್ದರು. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಿರಿ, ಜೊತೆಗೆ ಯಾರಿದ್ದರು, ಹೇಗನ್ನಿಸಿತು. ಅನ್ನಿಸಿದ್ದಕ್ಕೆ 0ಯಿಂದ 6ರವರೆಗೆ ಅಂಕ. ಕೆಲಸಕ್ಕೆ ಹೋಗಿಬರುವ ದಾರಿಗೆ ಅವರೆಲ್ಲ ತೀರ ಕಡಿಮೆ ಅಂಕ ಕೊಟ್ಟಿದ್ದರಂತೆ. ಓದಿ ಸಮಾಧಾನವಾಯಿತು, ಬಸ್ಸಿನಲ್ಲಿ ಸಿಡುಕುವುದು ನಾನೊಬ್ಬಳೇ ಅಲ್ಲ.

ಮಗಳ ಹಳೆಯ ನೋಟ್‌ಬುಕ್ ತೆಗೆದುಕೊಂಡು ಗೆರೆ ಎಳೆದೆ. ಅವರ ಅಂಕಣಗಳ ಜೊತೆ ನನ್ನದೂ ಒಂದು ಸೇರಿಸಿದೆ: 'ಯಾರೂ ಹೇಳದೆ ಮಾಡಿದ್ದು'. ಯಾರೂ ಕೇಳಿರಲಿಲ್ಲ, ದುಡ್ಡಿಲ್ಲ, ಹೊಗಳಿಕೆಯೂ ಇಲ್ಲ, ಆದರೂ ಮಾಡಿದೆ ಅನ್ನುವಂಥದ್ದು ಇದ್ದರೆ ಅಲ್ಲಿ ಗುರುತು ಹಾಕುವುದು. ರಾತ್ರಿ ಮಲಗುವ ಮುಂಚೆ ಬರೆಯುತ್ತಿದ್ದೆ. ಮೊದಮೊದಲು ಬೇಜಾರು. 'ಮೀಟಿಂಗ್, 1. ಫೈಲ್ ನೋಡಿದ್ದು, 2. ಮಗಳ ಜೊತೆ ಜಗಳ, 0. ಮಗಳ ಜೊತೆ ರಾಜಿ, 5.' ಇದರಿಂದ ಬದುಕಿನ ಗುರಿ ಹೇಗೆ ಸಿಗುತ್ತದೆ ಅಂತ ನನಗೇ ನಗು ಬರುತ್ತಿತ್ತು.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಹಿಂದಿನ ಪುಟಗಳನ್ನೆಲ್ಲ ಒಟ್ಟಿಗೆ ಓದಿದೆ. 'ಯಾರೂ ಹೇಳದೆ ಮಾಡಿದ್ದು' ಅಂಕಣದಲ್ಲಿ ಗುರುತು ಜಾಸ್ತಿ ಇರಲಿಲ್ಲ. ಇದ್ದವುಗಳಲ್ಲಿ ಬಹುಪಾಲು ಒಂದೇ ಜಾತಿಯವು. ಮಾವನವರ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಓದಿ, ಯಾವ ಮಾತ್ರೆ ಯಾವಾಗ ಅಂತ ದೊಡ್ಡ ಅಕ್ಷರದಲ್ಲಿ ಬೇರೆ ಹಾಳೆಯಲ್ಲಿ ಬರೆದುಕೊಟ್ಟದ್ದು. ಪಕ್ಕದ ಮನೆಯವರ ಸಾಲದ ಕಾಗದದಲ್ಲಿ ಬಡ್ಡಿ ಹೇಗೆ ಬದಲಾಗುತ್ತದೆ ಅಂತ ವಿವರಿಸಿದ್ದು. ಕ್ಲೇಮ್ ತಿರಸ್ಕಾರವಾದ ಒಬ್ಬ ಅಜ್ಜ ಫೋನ್ ಮಾಡಿದಾಗ, ನನ್ನ ಕೆಲಸ ಅಲ್ಲದಿದ್ದರೂ, ಪತ್ರವನ್ನು ಸಾಲು ಸಾಲಾಗಿ ಓದಿ ಅರ್ಥ ಹೇಳಿದ್ದು. ಆ ಫೋನ್ ಮುಗಿದಾಗ ಊಟದ ಹೊತ್ತು ದಾಟಿತ್ತು. ಅಂಕ 6 ಅಂತ ಬರೆದಿದ್ದೆ. ಇಡೀ ನೋಟ್‌ಬುಕ್ಕಿನಲ್ಲಿ ಕಚೇರಿಯ ಕೆಲಸಕ್ಕೆ 6 ಸಿಕ್ಕಿದ್ದು ಅಲ್ಲಿ ಮಾತ್ರ.

ಇನ್ನೊಂದು ಸಂಗತಿಯೂ ಕಂಡಿತು. ನನಗೆ ಸಿಟ್ಟು ಬಂದ ಕಡೆಗಳಲ್ಲೂ ಒಂದು ಸಾಮ್ಯ ಇತ್ತು. ನಮ್ಮ ಕಚೇರಿಯ ಪತ್ರಗಳು ಹೀಗಿರುತ್ತಿದ್ದವು: 'ಮೇಲ್ಕಾಣಿಸಿದ ಉಲ್ಲೇಖಕ್ಕೆ ಸಂಬಂಧಿಸಿದಂತೆ, ತಾವು ಸಲ್ಲಿಸಿರುವ ಮನವಿಯು ಅಗತ್ಯ ದಾಖಲಾತಿಗಳ ಅಲಭ್ಯತೆಯ ಹಿನ್ನೆಲೆಯಲ್ಲಿ ಸದ್ಯಕ್ಕೆ ಪರಿಗಣನಾರ್ಹವಾಗಿರುವುದಿಲ್ಲ.' ನಿಮ್ಮ ಅರ್ಜಿಯ ಜೊತೆ ಇನ್ನೂ ಎರಡು ಕಾಗದ ಕೊಡಬೇಕು, ಕೊಟ್ಟರೆ ಹಣ ಬರುತ್ತದೆ ಅನ್ನುವುದು ಇದರ ಅರ್ಥ. ಈ ಪತ್ರ ಓದಿದವರು ಹಣ ಬರುವುದೇ ಇಲ್ಲ ಅಂದುಕೊಂಡು ಸುಮ್ಮನಾಗುತ್ತಿದ್ದರು. ಇಂಥ ಪತ್ರಕ್ಕೆ ಸಹಿ ಮಾಡಿಸಿದ ದಿನಗಳಲ್ಲೆಲ್ಲ ನಾನು 0 ಅಂತ ಬರೆದಿದ್ದೆ, ಕಾರಣ ಬರೆದಿರಲಿಲ್ಲ. ಸಹೋದ್ಯೋಗಿಗಳಿಗೆ ಈ ಪತ್ರಗಳಿಂದ ಏನೂ ಅನ್ನಿಸುತ್ತಿರಲಿಲ್ಲ. ಬೇರೆಯವರಿಗೆ ಸಹಜವಾಗಿ ಕಾಣುವುದು ನಮಗೆ ಮಾತ್ರ ಚುಚ್ಚುತ್ತದೆ ಅಂದರೆ ಅಲ್ಲಿ ನಿಂತು ನೋಡಬೇಕು ಅನ್ನಿಸುತ್ತದೆ ನನಗೆ. ಇಷ್ಟವಾದದ್ದನ್ನು ಹುಡುಕು ಅಂತ ಎಲ್ಲರೂ ಹೇಳುತ್ತಾರೆ. ಸಿಟ್ಟು ಬರುವುದನ್ನು ಗಮನಿಸು ಅಂತ ಹೇಳುವವರು ಕಡಿಮೆ.

ಆಗ ಆ ಹಳೆಯ ಹಾಳೆಗಳನ್ನು ತಂದು ಪಕ್ಕದಲ್ಲಿಟ್ಟೆ. ಒಂದು ಕಡೆ ಸಮುದ್ರ, ವ್ಯಾಪಾರ, ಪ್ರವಾಸ. ಇನ್ನೊಂದು ಕಡೆ ಡಿಸ್ಚಾರ್ಜ್ ಕಾಗದ, ಬಡ್ಡಿ ಲೆಕ್ಕ, ಅಜ್ಜನ ಫೋನ್. ಹಾಳೆಯಲ್ಲಿದ್ದ ಒಂದೇ ಒಂದು ಆಸೆಗಾಗಿಯೂ ನಾನು ಅರ್ಧ ಗಂಟೆ ಕೊಟ್ಟಿರಲಿಲ್ಲ. ಯಾರೂ ಕೇಳದ ಕೆಲಸಕ್ಕೆ ಊಟ ಬಿಟ್ಟಿದ್ದೆ. ಎರಡರಲ್ಲಿ ಯಾವುದನ್ನು ನಂಬಬೇಕು ಅನ್ನುವುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಉಳಿದ ಅನುಮಾನ ಬೇರೆಯದು. ಇಷ್ಟೇನಾ? ಅರ್ಥವಾಗದ ಕಾಗದವನ್ನು ಅರ್ಥವಾಗುವ ಹಾಗೆ ಮಾಡುವುದು, ಇದೂ ಒಂದು ಬದುಕಿನ ಉದ್ದೇಶವಾ? ಗೆಳತಿಗೆ ಹೇಳಲೂ ನಾಚಿಕೆಯಾಯಿತು. ಉದ್ದೇಶ ಅಂದರೆ ಸಭೆಯಲ್ಲಿ ಎದ್ದು ನಿಂತು ಹೇಳಿಕೊಳ್ಳುವ ಹಾಗಿರಬೇಕು ಅಂತ ಎಲ್ಲಿಂದಲೋ ತಲೆಗೆ ಹೊಕ್ಕಿತ್ತು. ಆ ದಿನಗಳಲ್ಲಿ ವಿಕ್ಟರ್ ಫ್ರಾಂಕ್ಲ್ ಬಗ್ಗೆ ಓದಿದ್ದು ಸಹಾಯಕ್ಕೆ ಬಂತು. ವಿಯೆನ್ನಾದ ಈ ಮನೋವೈದ್ಯ ನಾಜಿಗಳ ಸೆರೆಶಿಬಿರಗಳಲ್ಲಿ ಇದ್ದು 1945ರಲ್ಲಿ ಬಿಡುಗಡೆಯಾದವರು. ಅರ್ಥ ಮೂರು ದಾರಿಯಲ್ಲಿ ಸಿಗುತ್ತದೆ ಅಂತ ಅವರು ಹೇಳುತ್ತಿದ್ದರು: ಏನನ್ನಾದರೂ ಮಾಡಿ ಕೊಡುವುದರಲ್ಲಿ, ಯಾರನ್ನಾದರೂ ಪ್ರೀತಿಸುವುದರಲ್ಲಿ ಅಥವಾ ಏನನ್ನಾದರೂ ಮನಸಾರೆ ಅನುಭವಿಸುವುದರಲ್ಲಿ, ತಪ್ಪಿಸಿಕೊಳ್ಳಲಾಗದ ಕಷ್ಟವನ್ನು ಎದುರಿಸುವ ರೀತಿಯಲ್ಲಿ. ಈ ಮೂರರಲ್ಲಿ ಎಲ್ಲೂ ದೊಡ್ಡದು ಚಿಕ್ಕದು ಅನ್ನುವ ಅಳತೆ ಇರಲಿಲ್ಲ. ಆ ಅಳತೆ ನಾನೇ ತಂದು ಸೇರಿಸಿದ್ದು.

ಹಾಗಂತ ನೋಟ್‌ಬುಕ್ ಹೇಳಿತು ಅಂತ ನಂಬಿ ಬದುಕು ಬದಲಿಸಲು ನಾನು ತಯಾರಿರಲಿಲ್ಲ. ಮೊದಲು ಮಾಡಿ ನೋಡಬೇಕಿತ್ತು. ಹತ್ತಿರದ ಗ್ರಂಥಾಲಯದವರನ್ನು ಹೋಗಿ ಕೇಳಿದೆ. ವಾರಕ್ಕೊಂದು ಸಂಜೆ ಒಂದು ಮೇಜು ಕೊಡಿ, ಅರ್ಜಿ, ಪತ್ರ, ನೋಟಿಸ್ ಅರ್ಥವಾಗದವರು ಬಂದರೆ ವಿವರಿಸುತ್ತೇನೆ ಅಂದೆ. ಸಂಶಯದಿಂದಲೇ ಒಪ್ಪಿಕೊಂಡರು. ಮನೆಯಲ್ಲಿ ಹೇಳಿದಾಗ ಗಂಡ ಕೇಳಿದ, "ಇದರಿಂದ ಏನು ಸಿಗುತ್ತೆ ನಿನಗೆ?"

"ಗೊತ್ತಿಲ್ಲ. ಅದನ್ನೇ ನೋಡೋಣ ಅಂತ."

"ಎಷ್ಟು ದಿನ?"

"ಮಳೆಗಾಲ ಮುಗಿಯೋವರೆಗೆ. ಆಮೇಲೆ ಬೇಡ ಅನ್ನಿಸಿದರೆ ಬಿಡ್ತೀನಿ."

ಕೊನೆ ಯಾವಾಗ ಅಂತ ಮೊದಲೇ ಹೇಳಿಟ್ಟದ್ದು ಒಳ್ಳೆಯದಾಯಿತು. ಬಿಟ್ಟರೆ ಸೋಲು ಅನ್ನುವ ಹೆದರಿಕೆ ಇರಲಿಲ್ಲ. ಹಾಗೆ ನೋಡಿದರೆ ಬಿಡಬೇಕು ಅನ್ನಿಸಿದ ಸಂಜೆಗಳು ಬೇಕಾದಷ್ಟು ಬಂದವು. ಶುರುವಿನಲ್ಲಿ ಯಾರೂ ಬರಲಿಲ್ಲ. ಪುಸ್ತಕ ಓದುತ್ತ ಕೂತಿರುತ್ತಿದ್ದೆ. ಆಮೇಲೆ ಬಂದವರು ಬೇರೆಯದೇ ಕೇಳಿದರು. ಅರ್ಥ ಬೇಡ, ನೀವೇ ತುಂಬಿಕೊಡಿ ಅನ್ನುವವರು. ಕೋರ್ಟಿನ ನೋಟಿಸ್ ತಂದು ನಾವು ಗೆಲ್ತೀವಾ ಅಂತ ಕೇಳುವವರು. ಅವರನ್ನು ವಕೀಲರ ಹತ್ತಿರ ಹೋಗಿ ಅಂತ ಕಳಿಸುವುದೇ ದೊಡ್ಡ ಕೆಲಸ. ಒಬ್ಬರು ನಾನು ಹೇಳಿದ್ದು ಅವರಿಗೆ ಬೇಕಾದ ಉತ್ತರ ಅಲ್ಲ ಅಂತ ಮೇಜು ಬಡಿದು ಹೋದರು. ಕೆಲವರಿಗೆ ಕಾಗದ ಒಂದು ನೆಪ, ಯಾರಾದರೂ ಕೂತು ಕೇಳಿದರೆ ಸಾಕಾಗಿತ್ತು.

ಆಸಕ್ತಿಯ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಾಗುತ್ತಿತ್ತು. ಪಾಲ್ ಓಕೀಫ್, ಕ್ಯಾರೊಲ್ ಡ್ವೆಕ್, ಗ್ರೆಗರಿ ವಾಲ್ಟನ್ ಮಾಡಿದ್ದು. ಆಸಕ್ತಿ ಅನ್ನುವುದು ಒಳಗೆ ಸಿದ್ಧವಾಗಿಯೇ ಇರುತ್ತದೆ, ಹುಡುಕಿದರೆ ಸಾಕು ಅಂತ ನಂಬಿದವರು ವಿಷಯ ಕಷ್ಟವಾದ ಕೂಡಲೇ ಅದರಿಂದ ದೂರ ಸರಿದರು. ಆಸಕ್ತಿ ಬೆಳೆಸಿಕೊಳ್ಳುವಂಥದ್ದು ಅಂತ ನಂಬಿದವರು ಅಷ್ಟು ಬೇಗ ಕೈಬಿಡಲಿಲ್ಲ. ಮೇಜು ಬಡಿದವರು ಹೋದ ಸಂಜೆ ಮನೆಗೆ ಬರುವಾಗ ಇದು ನನ್ನ ದಾರಿ ಅಲ್ಲವೇನೋ ಅಂತ ಅನ್ನಿಸಿದ್ದು ನಿಜ. ಆದರೆ ಒಂದು ಕೆಟ್ಟ ಸಂಜೆಯಿಂದ ತೀರ್ಮಾನಕ್ಕೆ ಬರಬಾರದು ಅನ್ನುವಷ್ಟು ತಿಳುವಳಿಕೆ ಅಷ್ಟು ಹೊತ್ತಿಗೆ ಬಂದಿತ್ತು.

ನಿಜವಾಗಿ ಉಪಯೋಗವಾದದ್ದು ಮೇಜಿನ ಹತ್ತಿರ ಆಗಲಿಲ್ಲ, ಮನೆಗೆ ಬಂದ ಮೇಲೆ ಆಯಿತು. ಒಂದೇ ಥರದ ಕಾಗದ ಹಿಡಿದು ಮೂರ್ನಾಲ್ಕು ಜನ ಬಂದರೆ, ಆ ರಾತ್ರಿ ಕೂತು ಆ ಕಾಗದದ ಬಗ್ಗೆ ಒಂದು ಪುಟದ ವಿವರಣೆ ಬರೆಯುತ್ತಿದ್ದೆ. ಇದು ಏನು, ಯಾಕೆ ಬಂತು, ನೀವು ಏನು ಮಾಡಬೇಕು, ಯಾವ ದಿನದೊಳಗೆ, ಮಾಡದಿದ್ದರೆ ಏನಾಗುತ್ತದೆ. ಇಷ್ಟು. ಬರೆದು, ಮಗಳಿಗೆ ಕೊಟ್ಟು ಓದಿಸಿ, ಅವಳು ತಡವರಿಸಿದ ಕಡೆ ಮತ್ತೆ ಬರೆಯುತ್ತಿದ್ದೆ. ಗಡಿಯಾರ ನೋಡಿದರೆ ಹನ್ನೊಂದೂವರೆ. ನೋಟ್‌ಬುಕ್ಕಿನಲ್ಲಿ ಮೇಜಿಗೆ 3, 4 ಸಿಗುತ್ತಿದ್ದರೆ ಈ ಬರವಣಿಗೆಗೆ ಬಿಡದೆ 6.

ಅಂದರೆ ನಾನು ಅಂದುಕೊಂಡ ದಿಕ್ಕು ಸ್ವಲ್ಪ ಓರೆಯಾಗಿತ್ತು. ಜನರ ಜೊತೆ ಕೂತು ಸಹಾಯ ಮಾಡುವವಳು ನಾನು ಅಂತ ಭಾವಿಸಿದ್ದೆ. ನನ್ನ ಜೀವ ಇದ್ದದ್ದು ಬರೆಯುವುದರಲ್ಲಿ. ಜನ ಬೇಡ ಅಂತಲ್ಲ. ಅವರ ಮುಖದಲ್ಲಿ ಎಲ್ಲಿ ಗೊಂದಲ ಕಾಣುತ್ತದೆ ಅಂತ ನೋಡದೆ ನನಗೆ ಬರೆಯಲು ಬರುವುದಿಲ್ಲ. ಆದರೆ ವಾರಕ್ಕೊಂದು ಸಂಜೆ ಸಾಕು. ಮನೆಯಲ್ಲಿ ಕೂತು ನೂರು ಸಲ ಯೋಚಿಸಿದ್ದರೂ ಈ ವ್ಯತ್ಯಾಸ ನನಗೆ ಹೊಳೆಯುತ್ತಿರಲಿಲ್ಲ.

ಇಂಥ ಅನುಭವ ಬರೆಯುವವರು ಈ ಹಂತಕ್ಕೆ ಬಂದಾಗ ಕೆಲಸ ಬಿಟ್ಟ ಕಥೆ ಹೇಳುತ್ತಾರೆ. ನಾನು ಬಿಡಲಿಲ್ಲ. ಯೋಚನೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಒಂದು ವಿಚಿತ್ರ ಪ್ರಯೋಗ ಮಾಡಿದ್ದರು. ಕೆಲಸ ಬಿಡಲಾ, ಸಂಬಂಧ ಮುರಿಯಲಾ ಅಂತ ತೀರ್ಮಾನಿಸಲಾಗದವರಿಗೆ ಅಂತರ್ಜಾಲದಲ್ಲೇ ನಾಣ್ಯ ಚಿಮ್ಮಿಸಿ ಉತ್ತರ ಕೊಟ್ಟರು. 20,000ಕ್ಕೂ ಜಾಸ್ತಿ ಸಲ ನಾಣ್ಯ ಚಿಮ್ಮಿತು. ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು 6 ತಿಂಗಳ ನಂತರ ಉಳಿದವರಿಗಿಂತ ಖುಷಿಯಾಗಿದ್ದರು. 2021ರಲ್ಲಿ ಇದು ಪ್ರಕಟವಾಯಿತು. ಇದನ್ನು ಗಂಡನಿಗೆ ಓದಿ ಹೇಳಿದೆ.

"ಅವರಿಗೆಲ್ಲ ಮನೆ ಸಾಲ ಇತ್ತಾ?" ಅಂದ.

ತಮಾಷೆಗೆ ಅಂದದ್ದಲ್ಲ. ಸಾಲ ಇದೆ, ಮಗಳ ಓದು ಇದೆ, ಮಾವನವರ ಔಷಧಿ ಇದೆ. ಆ ಪ್ರಯೋಗದಲ್ಲಿದ್ದವರು ಯಾವ ಕಡೆಗೂ ವಾಲದೆ ನಡುವೆ ಸಿಕ್ಕಿಕೊಂಡಿದ್ದವರು. ನಾನು ಹಾಗಿರಲಿಲ್ಲ. ಸಂಬಳ ಬೇಕು ಅನ್ನುವುದು ನನಗೆ ಸ್ಪಷ್ಟವಾಗಿತ್ತು. ಉದ್ದೇಶದ ಮಾತಾಡುವವರು ದುಡ್ಡಿನ ಮಾತನ್ನು ಸಣ್ಣದು ಮಾಡುವುದು ನನಗೆ ಹಿಡಿಸುವುದಿಲ್ಲ. ಮನೆ ನಡೆಸುವುದೂ ಒಂದು ಉದ್ದೇಶವೇ. ಅದನ್ನು ಬೇರೆಯವರ ತಲೆಗೆ ಕಟ್ಟಿ ನಾನು ಮಾತ್ರ ನನ್ನ ಅರ್ಥ ಹುಡುಕಿಕೊಂಡು ಹೊರಟರೆ ಅದು ಯಾವ ಸೀಮೆಯ ಅರ್ಥ?

ಬದಲಿಗೆ ಇದ್ದ ಕೆಲಸದಲ್ಲೇ ಜಾಗ ಮಾಡಿಕೊಳ್ಳಲು ನೋಡಿದೆ. ಸಂಶೋಧಕಿಯರಾದ ಏಮಿ ರೆಸ್ನೆವ್‌ಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಇದರ ಬಗ್ಗೆಯೇ ಬರೆದಿದ್ದಾರೆ. ಆಸ್ಪತ್ರೆಯ ಸ್ವಚ್ಛತಾ ಕೆಲಸದವರನ್ನು ಅವರು ಮಾತಾಡಿಸಿದ್ದರು. ಕೆಲಸ ಒಂದೇ, ಸಂಬಳವೂ ಅದೇ. ಕೆಲವರು ನೆಲ ಒರೆಸಿ ಹೋಗುತ್ತಿದ್ದರು. ಇನ್ನು ಕೆಲವರು ರೋಗಿಗಳನ್ನು, ಅವರನ್ನು ನೋಡಲು ಬಂದವರನ್ನು ಮಾತಾಡಿಸುತ್ತ, ರೋಗಿ ಗುಣವಾಗುವುದರಲ್ಲಿ ತಮ್ಮ ಪಾಲೂ ಇದೆ ಅಂತ ಕೆಲಸ ಮಾಡುತ್ತಿದ್ದರು. ಮೇಲಿನವರು ಹೇಳಿ ಮಾಡಿಸಿದ್ದಲ್ಲ ಅದು.

ನಮ್ಮ ಮ್ಯಾನೇಜರ್ ಹತ್ತಿರ ಹೋದೆ. "ಸರ್, ಈ 'ಪರಿಗಣನಾರ್ಹ' ಪತ್ರ ಇದೆಯಲ್ಲ, ಇದೊಂದನ್ನು ನಾನು ತಿರುಗಿ ಬರೆದುಕೊಡ್ತೀನಿ. ನನ್ನ ಕೆಲಸಕ್ಕೆ ತೊಂದರೆ ಆಗದ ಹಾಗೆ."

"ಮೇಡಂ, ಅದನ್ನು ಲೀಗಲ್ ಸೆಕ್ಷನ್ನಿನವರು ಬರೆದಿದ್ದು. ಅವರು ಒಂದು ಅಕ್ಷರ ಮುಟ್ಟೋಕೆ ಬಿಡಲ್ಲ."

"ಅವರನ್ನು ನಾನೇ ಕೇಳಲಾ?"

"ಕೇಳಿ. ನನ್ನ ಹೆಸರು ಹೇಳಬೇಡಿ."

ಲೀಗಲ್ ಸೆಕ್ಷನ್ನಿನವರ ಜೊತೆ ಎಳೆದಾಟ ಬಹಳ ದಿನ ನಡೆಯಿತು. ನಾನು ಸರಳ ಮಾಡಿದ ಸಾಲಿಗೆ ಅವರು ಎರಡು ಷರತ್ತು ಸೇರಿಸುತ್ತಿದ್ದರು. ಒಂದು ಷರತ್ತು ನಿಜವಾಗಿ ಬೇಕಾಗಿರುತ್ತಿತ್ತು, ಒಂದು ಬರೀ ಅಭ್ಯಾಸ. ಯಾವುದು ಯಾವುದು ಅಂತ ಕಂಡುಹಿಡಿಯಲು ನಾನು ನಿಯಮಗಳನ್ನು ಕೂತು ಓದಬೇಕಾಯಿತು. ಇಷ್ಟು ವರ್ಷ ಕೆಲಸ ಮಾಡಿಯೂ ಅಷ್ಟು ಸರಿಯಾಗಿ ಓದಿರಲಿಲ್ಲ. ಕೊನೆಗೆ ಮೊದಲ ಸಾಲಿನಲ್ಲೇ 'ನಿಮ್ಮ ಅರ್ಜಿ ತಿರಸ್ಕಾರವಾಗಿಲ್ಲ' ಅಂತ ಬರೆಯಲು ಒಪ್ಪಿಕೊಂಡರು. ಹೊಸ ಪತ್ರ ಹೋಗಲು ಶುರುವಾದ ಮೇಲೆ ಅದರ ಬಗ್ಗೆ ಬರುವ ಫೋನ್ ಕಡಿಮೆಯಾಯಿತು ಅಂತ ಕೌಂಟರಿನಲ್ಲಿ ಕೂರುವ ಹುಡುಗಿ ಹೇಳಿದಳು. ಮ್ಯಾನೇಜರ್ ಇನ್ನೊಂದು ಪತ್ರ ತಂದು ಮೇಜಿನ ಮೇಲಿಟ್ಟು ಏನೂ ಹೇಳದೆ ಹೋದರು. ಅವರ ಮಟ್ಟಿಗೆ ಅದು ಪ್ರಶಂಸಾಪತ್ರ.

ದಿಕ್ಕು ಸಿಕ್ಕಿದ ಮೇಲೆ ದಿನ ತಾನಾಗಿ ಅತ್ತ ತಿರುಗುತ್ತದೆ ಅಂದುಕೊಂಡಿದ್ದರೆ ಕೇಳಿ, ಹಾಗೆ ಆಗುವುದಿಲ್ಲ. ಇರುವ 24 ಗಂಟೆ ಮೊದಲೇ ತುಂಬಿರುತ್ತವೆ. ಹೊಸದಕ್ಕೆ ಜಾಗ ಬೇಕು ಅಂದರೆ ಹಳೆಯದು ಏನಾದರೂ ಹೋಗಬೇಕು. ಹೋಗಬೇಕಾದದ್ದು ಕೆಟ್ಟದ್ದೇ ಆಗಿದ್ದರೆ ಸುಲಭವಿತ್ತು. ನೆಂಟರ ಸಮಾರಂಭಗಳ ಲೆಕ್ಕಪತ್ರ, ಎಲ್ಲರ ಟಿಕೆಟ್ ಬುಕಿಂಗ್, ಉಡುಗೊರೆ ವಸೂಲಿ, ಇದನ್ನೆಲ್ಲ ವರ್ಷಗಟ್ಟಲೆ ನಾನೇ ನೋಡಿಕೊಳ್ಳುತ್ತಿದ್ದೆ. ಒಳ್ಳೆಯ ಹೆಸರೂ ಇತ್ತು. ಇನ್ನು ನನ್ನಿಂದ ಆಗುವುದಿಲ್ಲ ಅಂದಾಗ ಅಕ್ಕನಿಗೆ ಬೇಸರವಾಯಿತು. "ದೊಡ್ಡ ಮನುಷ್ಯಳಾಗಿಬಿಟ್ಟೆ ಬಿಡು" ಅಂದಳು. ಆ ಮಾತು ಬಹಳ ದಿನ ಕುಟುಕಿತು. ಈಗ ಆ ಕೆಲಸವನ್ನು ಅಕ್ಕನ ಮಗ ಮಾಡುತ್ತಾನೆ, ನನಗಿಂತ ಚುರುಕಾಗಿ. ಅಕ್ಕ ಮಾತ್ರ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ.

ಬರೆಯುವ ಹೊತ್ತನ್ನು ಉಳಿಸಿಕೊಳ್ಳಲು ಒಂದು ಸಣ್ಣ ಉಪಾಯ ಕೆಲಸಕ್ಕೆ ಬಂತು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಹೇಳಿದ 'ಹೀಗಾದರೆ ಹೀಗೆ' ಅನ್ನುವ ಕಟ್ಟು. ದಿನಾ ಬರೆಯಬೇಕು ಅಂದುಕೊಂಡರೆ ಅದು ಬರೀ ಆಸೆ. 'ರಾತ್ರಿ ಪಾತ್ರೆ ಒರೆಸಿಟ್ಟ ಕೂಡಲೇ ಮೇಜಿಗೆ ಬಂದು ಕೂರುತ್ತೇನೆ' ಅಂದುಕೊಂಡರೆ ಮೈ ತಾನಾಗಿ ಅತ್ತ ನಡೆಯುತ್ತದೆ. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ ಇಂಥ 94 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ ಅಂದಿದ್ದಾರೆ. ನನಗೆ ಇದು ಸುಲಭವಾಗಿ ಹಿಡಿಯಿತು. ಅಭ್ಯಾಸ ಆಗಲು 21 ದಿನ ಸಾಕು ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿದಾಗ ಕಂಡದ್ದು ಸುಮಾರು 66 ದಿನ. ಅದೂ ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅನ್ನುವಷ್ಟು ಅಂತರ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಅಂತಲೂ ಅವರಿಗೆ ಕಂಡಿತು. ತಪ್ಪಿದ ಮಾರನೆಯ ದಿನ ನನ್ನನ್ನು ನಾನು ಬೈದುಕೊಳ್ಳುವುದು ಅದರಿಂದ ನಿಂತಿತು.

ಒಂದು ದಿನ ಅಲ್ಲ, ತಿಂಗಳುಗಟ್ಟಲೆ ತಪ್ಪಿದ ಕಾಲವೂ ಬಂತು. ಅಮ್ಮ ಹಾಸಿಗೆ ಹಿಡಿದರು. ಗ್ರಂಥಾಲಯ, ಬರವಣಿಗೆ, ನೋಟ್‌ಬುಕ್, ಎಲ್ಲ ನಿಂತುಹೋಯಿತು. ಆಗ 'ನನ್ನ ಉದ್ದೇಶ ಏನು' ಅಂತ ಯಾರಾದರೂ ಕೇಳಿದ್ದರೆ ಜಗಳ ಆಡುತ್ತಿದ್ದೆನೇನೋ. ಅಮ್ಮನ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಅವರು ನೂರು ಸಲ ಕೇಳಿದ್ದಕ್ಕೆ ನೂರೊಂದನೇ ಸಲ ಉತ್ತರಿಸುವುದು. ಅದರಲ್ಲಿ ನನ್ನ ಆಯ್ಕೆ ಏನೂ ಇರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯಲು ಮನಸ್ಸಿಲ್ಲ. ಅವರು ಎದ್ದು ಓಡಾಡುವ ಹಾಗಾದ ಮೇಲೆ ನಾನು ಮೇಜಿಗೆ ಮರಳಿದೆ. ಗ್ರಂಥಾಲಯದವರು ಆ ಸಂಜೆಯನ್ನು ಖಾಲಿಯೇ ಇಟ್ಟಿದ್ದರು.

ಉದ್ದೇಶ ಇದ್ದವರು ಹೆಚ್ಚು ವರ್ಷ ಬದುಕುತ್ತಾರೆ ಅಂತ ಯಾರಾದರೂ ನಿಮಗೆ ಹೇಳಿರಬಹುದು. ಪ್ಯಾಟ್ರಿಕ್ ಹಿಲ್ ಮತ್ತು ನಿಕೋಲಸ್ ಟುರಿಯಾನೊ 2014ರಲ್ಲಿ ಪ್ರಕಟಿಸಿದ್ದು ಅದಕ್ಕೆ ಒಂದು ಆಧಾರ. ಅಮೆರಿಕದ 6,000ಕ್ಕೂ ಹೆಚ್ಚು ಜನರನ್ನು 14 ವರ್ಷ ಹಿಂಬಾಲಿಸಿ ನೋಡಿದಾಗ, ತಮಗೆ ಉದ್ದೇಶ ಇದೆ ಅಂದವರಲ್ಲಿ ಆ ಅವಧಿಯಲ್ಲಿ ಸತ್ತವರು ಕಡಿಮೆ. ಆದರೆ ಇದು ಗಮನಿಸಿ ಹೇಳಿದ್ದು, ಮಾಡಿಸಿ ನೋಡಿದ್ದಲ್ಲ. ಉದ್ದೇಶದಿಂದ ಆಯಸ್ಸು ಬಂತೋ, ಗಟ್ಟಿ ಆರೋಗ್ಯ ಇದ್ದವರಿಗೆ ಉದ್ದೇಶ ಇಟ್ಟುಕೊಳ್ಳುವ ಚೈತನ್ಯ ಇತ್ತೋ, ಇಷ್ಟರಿಂದ ಹೇಳಲು ಬರುವುದಿಲ್ಲ. ಆಯಸ್ಸಿಗೋಸ್ಕರ ಉದ್ದೇಶ ಇಟ್ಟುಕೊಳ್ಳುವುದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ನನ್ನಲ್ಲಿ ಆದ ಬದಲಾವಣೆ ಸಣ್ಣದು. ಭಾನುವಾರ ಸಂಜೆಯ ಕಿರಿಕಿರಿ ಈಗ ಅಪರೂಪ. ಏನಾದರೂ ಹೊಸ ಕೆಲಸ ಬಂದು ನಿಂತರೆ ಮೊದಲಿನ ಹಾಗೆ ಹೂಂ ಅನ್ನುವುದಿಲ್ಲ. ಇದರಿಂದ ಯಾರಿಗಾದರೂ ಏನಾದರೂ ಸ್ಪಷ್ಟವಾಗುತ್ತದಾ ಅಂತ ಒಮ್ಮೆ ಕೇಳಿಕೊಳ್ಳುತ್ತೇನೆ. ಇಲ್ಲ ಅಂತ ಬಂದರೂ ಎಷ್ಟೋ ಸಲ ಒಪ್ಪಿಕೊಳ್ಳುತ್ತೇನೆ, ಸಂಬಳ ಬರುವ ಕಡೆ ಎಲ್ಲವೂ ನಮ್ಮಿಷ್ಟದಂತೆ ನಡೆಯುವುದಿಲ್ಲ. ಆದರೆ ಯಾವುದಕ್ಕೆ ಯಾಕೆ ಒಪ್ಪಿದೆ ಅಂತ ನನಗೆ ಗೊತ್ತಿರುತ್ತದೆ.

ಇದೇ ಕೊನೆಯ ದಿಕ್ಕು ಅಂತಲೂ ಹೇಳಲಾರೆ. ಮನಶ್ಶಾಸ್ತ್ರಜ್ಞರಾದ ಜೋರ್ಡಿ ಕ್ವಾಡ್‌ಬಾಕ್, ಡೇನಿಯಲ್ ಗಿಲ್ಬರ್ಟ್, ಟಿಮೊಥಿ ವಿಲ್ಸನ್ 2013ರಲ್ಲಿ ಒಂದು ಮಜವಾದ ಸಂಗತಿ ತೋರಿಸಿದರು. 18ರಿಂದ 68 ವರ್ಷದವರೆಗಿನ 19,000ಕ್ಕೂ ಹೆಚ್ಚು ಜನರನ್ನು ಕೇಳಿದಾಗ, ಕಳೆದ 10 ವರ್ಷದಲ್ಲಿ ನಾನು ಬಹಳ ಬದಲಾಗಿದ್ದೇನೆ ಅಂದರು. ಮುಂದಿನ 10 ವರ್ಷದಲ್ಲಿ ಅಷ್ಟೇನೂ ಬದಲಾಗುವುದಿಲ್ಲ ಅಂತಲೂ ಅಂದರು. ಎಲ್ಲ ವಯಸ್ಸಿನವರೂ ಹೀಗೇ. ಅದಕ್ಕೇ ವರ್ಷಕ್ಕೆ ಒಂದೆರಡು ಸಲ ನೋಟ್‌ಬುಕ್ ಮತ್ತೆ ತೆರೆದು ಕೆಲವು ವಾರ ಅಂಕ ಹಾಕುತ್ತೇನೆ. ಹಿಂದಿನ ಸಲ ಮೇಜಿನ ಸಂಜೆಗೆ ಅಂಕ ಇನ್ನೂ ಇಳಿದಿತ್ತು. ಆ ಜಾಗಕ್ಕೆ ಯಾರಾದರೂ ಸಿಕ್ಕರೆ ಒಪ್ಪಿಸಬೇಕು ಅಂತ ಹುಡುಕುತ್ತಿದ್ದೇನೆ.

ಮೊನ್ನೆ ಗ್ರಂಥಾಲಯಕ್ಕೆ ಬಂದ ಒಬ್ಬ ನರ್ಸ್ ನಾನು ಬರೆದ ಪುಟಗಳನ್ನು ನೋಡಿ, ನಮ್ಮ ವಾರ್ಡಿನ ಡಿಸ್ಚಾರ್ಜ್ ಹಾಳೆಗಳನ್ನೂ ಹೀಗೆ ಬರೆದುಕೊಡ್ತೀರಾ ಅಂತ ಕೇಳಿದರು. ಮಾವನವರಿಗೆ ಬರೆದುಕೊಟ್ಟದ್ದು ಬೇರೆ, ಒಂದು ವಾರ್ಡಿಗೆಲ್ಲ ಬರೆಯುವುದು ಬೇರೆ. ಔಷಧಿಯ ವಿಷಯದಲ್ಲಿ ಒಂದು ಸಾಲು ತಪ್ಪಿದರೂ ಅನಾಹುತ. ಮೊದಲು ಒಂದೇ ಒಂದು ಹಾಳೆ ಮಾಡೋಣ, ಪ್ರತಿ ಸಾಲನ್ನೂ ನಿಮ್ಮ ಡಾಕ್ಟರ್ ನೋಡಬೇಕು, ಆಮೇಲೆ ಮುಂದಿನ ಮಾತು ಅಂದಿದ್ದೇನೆ. ಡಾಕ್ಟರನ್ನು ಕೇಳಿ ಹೇಳುತ್ತೇನೆ ಅಂತ ಹೋಗಿದ್ದಾರೆ.